ಮೀಟರಪ್ಪನ ಹೆಬ್ಬೆರಳು

ಮನೆಮನೆಯ ನೀರಿನ ಮೀಟರು ಓದುತ್ತಲೇ ಮೂವತ್ತು ವರ್ಷ ಸವೆಸಿದವನಿಗೆ ಜನ ಇಟ್ಟ ಹೆಸರು ಮೀಟರಪ್ಪ. ಗಾಜಿನ ಮೇಲಿನ ಕೆಸರು ತಿಕ್ಕಿ ತಿಕ್ಕಿ ಅವನ ಹೆಬ್ಬೆರಳು ಚಪ್ಪಲಿಯ ಅಟ್ಟೆಯ ಹಾಗೆ ದಡ್ಡುಗಟ್ಟಿತ್ತು. ಈಗ ಕಚೇರಿಯವರು ಅವನ ರಿಜಿಸ್ಟರು ಕಿತ್ತುಕೊಂಡು, ಹೊಸದಾಗಿ ಬಂದ ಟ್ಯಾಬ್ ಕೈಗಿಟ್ಟರು. ವಾರ ಬಳಸಿ, ಹೇಗಿದೆ ಅಂತ ಅದರಲ್ಲೇ ತಿಳಿಸಬೇಕಂತೆ.

ಎಷ್ಟು ಒತ್ತಿದರೂ ಆ ಹಾಳಾದ್ದು ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ. ಸಿಟ್ಟು ಬಂದು, ರಿಜಿಸ್ಟರಿನ ಹಾಳೆ ಮಗುಚುವ ಅಭ್ಯಾಸದಂತೆ ಬೆರಳನ್ನು ನಾಲಿಗೆಗೆ ತಾಗಿಸಿ ಒತ್ತಿದರೆ, ಪರದೆ ನಾಲ್ಕು ಮನೆ ದಾಟಿ ಮುಂದಕ್ಕೆ ಹಾರುತ್ತಿತ್ತು.

"ಅಪ್ಪಾ, ಎಂಜಲು ಹಚ್ಚಬೇಡ, ಅದೇನು ಪುಸ್ತಕನಾ?" ಮಗಳು ಬೈದಳು.

"ಒಣ ಬೆರಳಿಗೆ ಅದು ಕಿವುಡು ಕಣಮ್ಮಾ, ನಾನೇನು ಮಾಡ್ಲಿ?"

ಶನಿವಾರ ಪರದೆಯ ಮೇಲೆ ಐದು ನಕ್ಷತ್ರ ಬಂದವು. ಒಂದು ಅಂದರೆ ಕೆಟ್ಟದ್ದು, ಐದು ಅಂದರೆ ಭೇಷ್. ಅವನು ಹಲ್ಲು ಕಚ್ಚಿ ಒಂದನ್ನೇ ಒತ್ತಿದ. ಕೇಳಲಿಲ್ಲ. ಮಗಳ ಮಾತು ಮರೆತು ಬೆರಳು ಒದ್ದೆ ಮಾಡಿಕೊಂಡ. ಅದು ಐದರವರೆಗೂ ಜಾರಿಬಿಟ್ಟಿತು. 'ಧನ್ಯವಾದ' ಅಂದಿತು ಪರದೆ.

ಸೋಮವಾರ ಸಾಹೇಬರು ಎಲ್ಲರೆದುರು ಅವನ ಬೆನ್ನು ತಟ್ಟಿದರು. "ಐದು ಕೊಟ್ಟಿದ್ದು ನೀವೊಬ್ರೇ! ಉಳಿದವರಿಗೆಲ್ಲ ನೀವೇ ಕಲಿಸಬೇಕು. ಟ್ಯಾಬಲ್ಲಿ ಅಕ್ಕಪಕ್ಕ ಬಂದಿದೆ ನೋಡಿ, 'ಆಗಲ್ಲ', 'ಆಗುತ್ತೆ', ಎರಡರಲ್ಲಿ ಒಂದು ಒತ್ತಿ."

ಮೀಟರಪ್ಪ 'ಆಗಲ್ಲ' ಅನ್ನುವುದನ್ನು ಒಣ ಬೆರಳಿನಿಂದ ಮೂರು ಸಲ ಒತ್ತಿದ. ಪರದೆ ಮಿಸುಕಲಿಲ್ಲ. ಸಾಹೇಬರು ನಗುತ್ತಾ ಕಾಯುತ್ತಿದ್ದರು. ಹೆಬ್ಬೆರಳು ತಾನಾಗಿಯೇ ನಾಲಿಗೆಯ ಕಡೆ ಹೋಯಿತು.