ಬೆನ್ನು ಕೊಟ್ಟು ಮಲಗುವ ನಾಯಿ

ನಾಯಿ ಬೇಕು ಅಂದವನು ನನ್ನ ತಮ್ಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಅವನು ‘ನಮ್ಮಕ್ಕನಿಗೆ ನಾಯಿ ಹುಚ್ಚು’ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಕಡಬದ ಕೆರೆಯ ಹಿಂದೆ ನಮ್ಮದೊಂದು ತೆಂಗಿನ ತೋಟ, ತೋಟದೊಳಗೆ ಕುರಿ ಶೆಡ್. ಶೆಡ್ಡಿಗೆ ದುಡ್ಡು ಹಾಕಿದವನು ತಮ್ಮ. ಅವನಿಗೆ ತುಮಕೂರಿನ ಶಿರಾ ಗೇಟ್‌ನಲ್ಲಿ ಟೈರ್ ಅಂಗಡಿ ಇದೆ. ತೋಟದ ಮನೆಯಲ್ಲಿದ್ದು ಕುರಿಗಳ ಹಿಕ್ಕೆ ಬಾಚಿ, ಸೊಪ್ಪು ತಂದು, ಈಯುವಾಗ ಕೈ ಕೊಟ್ಟವಳು ನಾನು. ಗಂಡ ತೀರಿಕೊಂಡ ಮೇಲೆ ಮಾತಾಡಿಸುವವರ ಕಾಟ ತಪ್ಪಲೆಂದೇ ಅಲ್ಲಿಗೆ ಹೋಗಿದ್ದೆ. ಕುರಿಗಳ ಜೊತೆ ಚೆನ್ನಾಗಿ ಹೊಂದಿಕೆಯಾಯಿತು. ಅವು ಯಾವತ್ತೂ ‘ಪಾಪ’ ಅನ್ನುವುದಿಲ್ಲ.

ಒಂದು ಬೇಸಿಗೆಯಲ್ಲಿ ಪಕ್ಕದ ತೋಟದ ಮೇಕೆಯನ್ನು ಚಿರತೆ ಹೊತ್ತುಕೊಂಡು ಹೋಯಿತು. ಫಾರೆಸ್ಟಿನವರು ಬೋನು ತಂದಿಟ್ಟರು. ಅದರೊಳಗೆ ಬಿದ್ದದ್ದು ಗುಬ್ಬಿ ರಸ್ತೆಯ ಬೀದಿನಾಯಿ. ಆಗ ತಮ್ಮ ಫೋನಿನಲ್ಲಿ ಹುಡುಕಿ, ಹಿಮಾಲಯದ ಕಡೆ ಕುರಿ ಕಾಯುವ ತಳಿಯ ನಾಯಿಯೊಂದು ಶೆಟ್ಟಿಹಳ್ಳಿಯಲ್ಲಿದೆ, ಸಾಕುವವರಿಗೆ ಪುಕ್ಕಟೆ ಕೊಡುತ್ತಾರಂತೆ ಎಂದ. ಪುಕ್ಕಟೆ ಅನ್ನುವಾಗ ಅವನ ಮುಖ ನೋಡಬೇಕು.

ಶೆಟ್ಟಿಹಳ್ಳಿಯ ಆ ಹೆಂಗಸು ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. ದಿಕ್ಕಿಲ್ಲದ ನಾಯಿಗಳನ್ನು, ಅವಕ್ಕೊಂದು ಮನೆ ಸಿಗುವ ತನಕ, ತಮ್ಮಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಾರೆ. ಅದಕ್ಕೆ ಫಾಸ್ಟರ್ ಅನ್ನುತ್ತಾರಂತೆ. ನಮ್ಮ ಕಡೆ ‘ಮಾಡಕ್ಕೆ ಕೆಲ್ಸ ಇಲ್ಲ’ ಅನ್ನುತ್ತಾರೆ. ಅವರ ಮನೆಯ ಕಾರ್ ನಿಲ್ಲಿಸುವ ಜಾಗವನ್ನೆಲ್ಲ ತುಂಬಿಕೊಂಡು ಅವನು, ಆ ಹಿಮಾಲಯದ ನಾಯಿ, ಮಲಗಿದ್ದ. ಕರುವಿನಷ್ಟು ಗಾತ್ರ, ಕೊರಳ ಸುತ್ತ ದಪ್ಪ ಕೂದಲು, ನಮ್ಮ ಸೆಕೆಗೆ ಏದುಸಿರು. ಯಾರೋ ಶೋಕಿಗೆ ಮರಿ ತಂದು, ಬೆಳೆದು ದೊಡ್ಡವನಾದ ಮೇಲೆ ಕುಣಿಗಲ್ ಕೆರೆ ಏರಿಯ ಮೇಲೆ ಕಾರಿನಿಂದ ಇಳಿಸಿ ಹೋಗಿದ್ದರಂತೆ. ಯಾರು ಏನು ಹಾಕಿದರೂ ಮುಟ್ಟದೆ, ಆ ಕಾರು ಹೋದ ದಿಕ್ಕನ್ನೇ ನೋಡುತ್ತ ಕೂತಿದ್ದನಂತೆ.

“ನೋಡಿ ಅಕ್ಕ, ಇವ್ನು ಮುದ್ದು ಮಾಡಿಸ್ಕೊಳೋ ನಾಯಿ ಅಲ್ಲ,” ಎಂದರು ಆಕೆ. “ಬಾಲ ಅಲ್ಲಾಡಿಸ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಯಾರ್ ಮೇಲೆ ಅನುಮಾನ ಇರುತ್ತೋ ಅವ್ರ ಕಡೆ ಮುಖ ಮಾಡ್ಕೊಂಡೇ ಮಲಗ್ತಾನೆ. ನಿಮ್ಗೆ ಬೆನ್ನು ಕೊಟ್ಟು, ಆಚೆ ನೋಡ್ಕೊಂಡು ಮಲಗಿದ ಅನ್ಕೊಳಿ, ಅವತ್ತು ನಿಮ್ಮನ್ನ ನಂಬ್ದ ಅಂತ. ಒಂದೇ ಮಾತು ಕೊಡಿ ನಂಗೆ. ಇವ್ನಿಗೆ ಇನ್ನೊಂದ್ಸಲ ಮೋಸ ಆಗ್ಬಾರ್ದು.”

ಕೊಟ್ಟೆ. ತಮ್ಮ ಪಕ್ಕದಲ್ಲೇ ನಿಂತು, “ಛೆ ಛೆ, ಮನೆ ಮಗನ ಥರ ನೋಡ್ಕೋತೀವಿ ಮೇಡಂ,” ಎಂದು ತಾನೂ ಸೇರಿಸಿದ.

ಕಡಬಕ್ಕೆ ಬಂದ ಮೇಲೆ ನಾಯಿ ಗೇಟಿನ ಹತ್ತಿರ ಮಲಗಿ ನನ್ನನ್ನೇ ದಿಟ್ಟಿಸುತ್ತಿತ್ತು. ರಾಗಿ ಮುದ್ದೆಗೆ ಮಜ್ಜಿಗೆ ಕಲಸಿ ಇಟ್ಟರೆ ನಾನು ಮರೆಯಾಗುವ ತನಕ ಬಾಯಿ ಹಾಕುತ್ತಿರಲಿಲ್ಲ. ನನಗೂ ಸ್ವಾಭಿಮಾನ ಇಲ್ಲವೇ? ‘ತಿಂದ್ರೆ ತಿನ್ನು, ಬಿಟ್ರೆ ಬಿಡು’ ಎಂದು ಬೈದುಕೊಂಡೇ ಇಡುತ್ತಿದ್ದೆ. ಕುರಿಗಳ ವಿಷಯದಲ್ಲಿ ಮಾತ್ರ ಮೊದಲ ದಿನದಿಂದಲೂ ಹಿರಿಯಣ್ಣನ ಹಾಗಿದ್ದ. ಅವು ಮೈಮೇಲೆ ಹತ್ತಿದರೂ ಸುಮ್ಮನಿರುತ್ತಿದ್ದ.

ಒಂದು ಸಂಜೆ ನಾನು ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ. ಅವನು ಬಂದು ನನ್ನ ಕಾಲಿಗೆ ಬೆನ್ನು ಒರಗಿಸಿ, ತೋಟದ ಕಡೆ ಮುಖ ಮಾಡಿ ಮಲಗಿಬಿಟ್ಟ. ನಾನು ಅಲುಗಾಡಲಿಲ್ಲ. ಕಾಲು ಜೋಮು ಹಿಡಿದರೂ ಎಳೆದುಕೊಳ್ಳಲಿಲ್ಲ. ಹುಣಸೆಹಣ್ಣಿನ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಅತ್ತೆ.

ಆಮೇಲೆ ಚಿರತೆ ನಮ್ಮ ಕಡೆ ತಲೆ ಹಾಕಲಿಲ್ಲ. ತಮ್ಮನೂ ಅಷ್ಟಾಗಿ ತಲೆ ಹಾಕಲಿಲ್ಲ, ಅವನನ್ನು ಕಂಡರೆ ನಾಯಿ ಗುರ್ ಅನ್ನುತ್ತಿತ್ತು. ಟಗರು ಮಾರುವಾಗ ನಾನೇ ಅದರ ಹಗ್ಗ ಹಿಡಿದು ಗೇಟಿನ ತನಕ ನಡೆಸುತ್ತಿದ್ದೆ. ನಾಯಿ ಜೊತೆಗೆ ಬಂದು, ಕೊಳ್ಳುವವನನ್ನು ಮೂಸಿ, ನನ್ನ ಮುಖ ನೋಡಿ, ವಾಪಸ್ ಹೋಗುತ್ತಿತ್ತು. ಕುರಿ ಸಾಕುವುದೇ ಮಾರುವುದಕ್ಕೆ, ನಾನೇನು ಸನ್ಯಾಸಿನಿಯಲ್ಲ. ಆದರೆ ತಾಯಿ ಕುರಿಗಳನ್ನು ಮಾರಬಾರದು, ಮಂದೆ ಉಳಿಯಬೇಕು ಎಂದು ನನಗೂ ತಮ್ಮನಿಗೂ ಮಾತಾಗಿತ್ತು.

ಹೋದ ವರ್ಷ ತಮ್ಮ ಫೋನ್ ಮಾಡಿದ. “ಅಕ್ಕಾ, ನಾಳೆ ಬೆಳಿಗ್ಗೆ ಕುರಿಗೆ ಇಂಜೆಕ್ಷನ್ ಹಾಕೋರು ಬರ್ತಾವ್ರೆ. ನೀನು ನಾಯಿನ ಒಳಕ್ಕೆ ಕರ್ಕೊಂಡು ಬಾಗ್ಲಾಕ್ಕೊಂಡಿರು. ಹೋದ್ಸಲ ಹೆದ್ರುಕೊಂಡು ಅವ್ರು ಸೂಜಿ ಬಿಸಾಕಿ ಓಡೋಗಿದ್ರು.”

ಅದು ನಿಜವೇ ಆಗಿತ್ತು. ಬೆಳಿಗ್ಗೆ ನಾಯಿಯನ್ನು ಕರೆದುಕೊಂಡು ಅಡುಗೆಮನೆಯಲ್ಲಿ ಕೂತೆ. ತಾಯಿಗೆ ಹಾಲಿಲ್ಲದೆ ನಾನು ಬಾಟಲಿಯಲ್ಲಿ ಸಾಕುತ್ತಿದ್ದ ಒಂದು ಕುರಿಮರಿಯೂ ಅಲ್ಲೇ ಒಲೆ ಪಕ್ಕ ಮಲಗಿತ್ತು. ಹೊರಗೆ ಗಾಡಿ ಬಂತು. ಕುರಿಗಳು ಒದರತೊಡಗಿದವು. ಅವನು ಎದ್ದು ಬಾಗಿಲಿಗೆ ಹೋಗಿ ನಿಂತು, ತಿರುಗಿ ನನ್ನ ಮುಖ ನೋಡಿದ.

“ಏನಿಲ್ಲ ಕಣೋ, ಇಂಜೆಕ್ಷನ್ ಅಷ್ಟೆ. ಬಾ, ಕೂತ್ಕೊ,” ಎಂದೆ.

ಅವನು ಬಂದು ಕೂತ. ಒದರುವುದು ಜಾಸ್ತಿಯಾಯಿತು. ಮತ್ತೆ ಎದ್ದ. ನಾನು ಕೊರಳಿಗೆ ಕೈ ಹಾಕಿ ತಬ್ಬಿಕೊಂಡು, “ಏನಿಲ್ಲ, ಏನಿಲ್ಲ,” ಎಂದೆ. ಅವನ ಮೈಯೆಲ್ಲ ನಡುಗುತ್ತಿತ್ತು, ಆದರೂ ನನ್ನ ಮಾತಿಗೆ ನಿಂತ. ಕೊನೆಗೆ ಗಾಡಿಯ ಹಿಂದಿನ ಬಾಗಿಲು ಹಾಕಿ ಚೈನು ಎಳೆದ ಸದ್ದು ಕೇಳಿಸಿತು. ಇಂಜೆಕ್ಷನ್ ಹಾಕುವವರಿಗೆ ಚೈನು ಯಾಕೆ? ಬಾಗಿಲು ತೆಗೆದು ಓಡುವ ಹೊತ್ತಿಗೆ ಲಾರಿ ಕೆರೆ ಏರಿಯನ್ನು ಹತ್ತಿ ಆಗಿತ್ತು. ಅವನು ನನ್ನನ್ನು ದಾಟಿ ಅದರ ಹಿಂದೆ ಓಡಿದ. ಮತ್ತೊಂದು ಕೆರೆ ಏರಿ, ಮತ್ತೊಂದು ಗಾಡಿ. ಬಹಳ ಹೊತ್ತಾದ ಮೇಲೆ, ಪಾದ ಒಡೆದುಕೊಂಡು, ಒಬ್ಬನೇ ವಾಪಸ್ ಬಂದ. ಖಾಲಿ ಶೆಡ್ಡಿನ ಮೂಲೆ ಮೂಲೆ ಮೂಸಿದ. ನನ್ನ ಹತ್ತಿರ ಬರಲಿಲ್ಲ.

ಅವತ್ತೇ ಬಸ್ ಹತ್ತಿ ಶಿರಾ ಗೇಟ್‌ಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಇದ್ದರೆ ಇರಲಿ ಎಂದು ಕೂಗಾಡಿದೆ. ತಮ್ಮ ನನ್ನನ್ನು ಟೈರುಗಳ ಹಿಂದಕ್ಕೆ ಎಳೆದುಕೊಂಡು ಹೋದ. ಶೆಡ್ಡಿನ ಜಾಗದಲ್ಲಿ ಬೆಂಗಳೂರಿನವರಿಗೆ ವಾರದ ಕೊನೆಗೆ ಬಾಡಿಗೆ ಕೊಡುವ ರೂಮು ಕಟ್ಟಿಸುತ್ತಾನಂತೆ.

“ನಿಂಗೆ ಮೊದ್ಲೇ ಹೇಳಿದ್ರೆ ಏನ್ ಮಾಡ್ತಿದ್ದೆ, ಹೇಳು? ನಾಯಿ ಬಿಟ್ಟುಬಿಡ್ತಿದ್ದೆ.”

“ಹೂಂ ಕಣೋ, ಬಿಡ್ತಿದ್ದೆ. ನಿನ್ ಮೇಲೇ ಬಿಡ್ತಿದ್ದೆ.”

“ಅದುಕ್ಕೇ ಹೇಳ್ಲಿಲ್ಲ. ಬೇಜಾರ್ ಮಾಡ್ಕೊಬೇಡ ಬಿಡಕ್ಕ. ನಾಯಿ ಇರ್ಲಿ, ಬಂದೋರು ಫೋಟೊ ತೆಗೆಸ್ಕೊತಾರೆ.”

ನಂಬಿಸಿ ಕತ್ತು ಕುಯ್ಯುವುದು ಅಂದರೆ ಇದೇ. ಅವನು ಕುರಿ ಮಾರಿದ್ದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಆ ನಾಯಿ ಈ ಲೋಕದಲ್ಲಿ ಒಬ್ಬರ ಮಾತು ಕೇಳುತ್ತಿತ್ತು, ಅದು ನನ್ನದು. ಅದನ್ನು ಚೆನ್ನಾಗಿ ಬಲ್ಲ ತಮ್ಮ ತನ್ನ ಸುಳ್ಳನ್ನು ನನ್ನ ಬಾಯಿಂದಲೇ ಹೇಳಿಸಿದ. ಒಡಹುಟ್ಟಿದವನು, ನಾನೇ ಎತ್ತಿ ಆಡಿಸಿದವನು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಾರನೇ ಬೆಳಿಗ್ಗೆ ಮರಿಗೆ ಹಾಲು ಕುಡಿಸಲು ಬಾಟಲಿ ಹಿಡಿದು ಹೋದೆ. ನಾಯಿ ಮರಿಗೂ ನನಗೂ ನಡುವೆ ಬಂದು ನಿಂತು ಹಲ್ಲು ತೋರಿಸಿ ಗುರ್ ಎಂದಿತು. ನಾನು ನೆಲದ ಮೇಲೆ ಕೂತು, “ನಂಗೂ ಗೊತ್ತಿರ್ಲಿಲ್ಲ ಕಣೋ,” ಎಂದೆ. ನಾಯಿಗೆ ಇದನ್ನು ಹೇಗೆ ತಿಳಿಸುವುದು? ಬಾಟಲಿಯನ್ನು ಅಲ್ಲೇ ಚಾಚಿ ಹಿಡಿದೆ, ಮರಿಯೇ ಅವನ ಕಾಲ ಕೆಳಗಿಂದ ನುಸುಳಿ ಬಂದು ಕುಡಿಯಿತು. ಕುಡಿದು ಮುಗಿಸುವ ತನಕ ಅವನು ನನ್ನ ಕೈ ಮೇಲಿಂದ ಕಣ್ಣು ತೆಗೆಯಲಿಲ್ಲ.

ಈಗ ರೂಮುಗಳು ಎದ್ದಿವೆ. ಮರಿ ಬೆಳೆದು ಕುರಿಯಾಗಿದೆ. ಸಂಜೆ ನಾನು ಜಗಲಿಯ ಮೇಲೆ ಕೂತರೆ ಅವನು ಅದನ್ನು ಬೆನ್ನ ಹಿಂದಿಟ್ಟುಕೊಂಡು, ಸ್ವಲ್ಪ ದೂರದಲ್ಲಿ, ನನ್ನ ಕಡೆಗೇ ಮುಖ ಮಾಡಿ ಮಲಗುತ್ತಾನೆ. ನಾನು ಎದ್ದರೆ ತಲೆ ಎತ್ತುತ್ತಾನೆ. ಬೆಂಗಳೂರಿನಿಂದ ಬಂದವರು ಫೋಟೊ ತೆಗೆದುಕೊಂಡು, “ನೋಡಿ ಆಂಟಿ, ಎಷ್ಟು ಪ್ರೀತಿ ನಿಮ್ಮೇಲೆ! ನಿಮ್ಮನ್ನ ಬಿಟ್ಟು ಬೇರೆ ಕಡೆ ನೋಡೋದೇ ಇಲ್ಲ,” ಅನ್ನುತ್ತಾರೆ.