ಆರ್ಬಿ ಮುಳುಗಿಸಿದ ಮರಗಳು

ದೋಣಿಯಿಂದ ತಾನೇ ಬೀಸಿದ ಗಾಳ ಲೈಲ್‌ನ ಕಿವಿಗೇ ಚುಚ್ಚಿಕೊಂಡಿತು. ಭಾವ ಆರ್ಬಿ ಇಕ್ಕಳದಿಂದ ಅದನ್ನು ಕಿತ್ತು, "ಇವತ್ತಿನ ಮೊದಲ ಮೀನು ನೀನೇ ಕಣಯ್ಯಾ," ಎಂದ.

ಶಾಲೆಯ ಬಸ್ಸು ಓಡಿಸುವ ಆರ್ಬಿ ಅಮೆರಿಕದ ಟೆನೆಸಿಯ ಆ ಊರಿಗೆಲ್ಲ ಸಾಧು ಮನುಷ್ಯ. ಚಳಿಗಾಲದಲ್ಲಿ ಹಳೆಯ ಕ್ರಿಸ್‌ಮಸ್ ಮರಗಳಿಗೆ ಕಲ್ಲು ಕಟ್ಟಿ ಸರೋವರದಲ್ಲಿ ಮುಳುಗಿಸುತ್ತಿದ್ದ. ವಸಂತದಲ್ಲಿ ಕ್ರ್ಯಾಪಿ ಮೀನುಗಳು ಆ ಕೊಂಬೆಗಳ ಮರೆಯಲ್ಲೇ ಸೇರುತ್ತಿದ್ದವು. ಜಾಗವನ್ನು ಹೆಂಡತಿಗೂ ಹೇಳಿರಲಿಲ್ಲ. ಲೈಲ್‌ನನ್ನೂ ಆಣೆ ಹಾಕಿಸಿಯೇ ಕರೆತಂದಿದ್ದ. ಇಂದು ದೋಣಿ ಅಲ್ಲಿಗೆ ಮುಟ್ಟಿದಾಗ ಪಕ್ಕದೂರಿನ ಡೆಲ್ಬರ್ಟ್ ತನ್ನ ದೋಣಿಯಲ್ಲಿ ಆಗಲೇ ಗಾಳ ಇಳಿಸಿ ಕೂತಿದ್ದ.

"ಜಾಗ ಬಿಡೋ!" ಎಂದು ಆರ್ಬಿ ಕೂಗಿದ.

"ಕೆರೆ ಏನ್ ನಿಮ್ಮಪ್ಪಂದಾ?"

ಆರ್ಬಿ ಬೀಸಿದ ಹುಟ್ಟಿಗೆ ಡೆಲ್ಬರ್ಟನ ಮೂಗು ಒಡೆಯಿತು. ಡೆಲ್ಬರ್ಟನ ಗುದ್ದಿಗೆ ಆರ್ಬಿಯ ಎರಡು ಹಲ್ಲು ನೀರುಪಾಲಾದವು. ಬಿಡಿಸಲು ಹೋದ ಲೈಲ್‌ಗೆ ಇಬ್ಬರೂ ಬಾರಿಸಿದರು.

ದಡದಲ್ಲಿ ಊರಿನ ಪೊಲೀಸ್ ಅಧಿಕಾರಿ ಶೆರೀಫ್ ಕೇಸು ಬರೆಯಲು ಪುಸ್ತಕ ತೆರೆದ. ಅವನೂ ಗಾಳ ಹಾಕುವವನೇ. "ಹೊಡೆದಾಟ ಸರಿಯಾಗಿ ಯಾವ ಜಾಗದಲ್ಲಿ ಆಯ್ತು, ಆರ್ಬಿ?"

ಆರ್ಬಿ ರಕ್ತ ಉಗಿದು ಹೇಳಿದ: "ನೀರಿನ ಮೇಲೆ, ಸ್ವಾಮಿ."