ಅಕ್ಕ ನಕ್ಕ ಜಾಗ

ನಮ್ಮ ಅಕ್ಕನ ಬಾಯಿಗೆ ಆಸ್ಪತ್ರೆಯ ಲಾಂಡ್ರಿಯೇ ಹೆದರುತ್ತಿತ್ತು. ರಕ್ತದ ಕಲೆಯಾದ ಹಾಸುಬಟ್ಟೆಯನ್ನು ಯಾರಾದರೂ ಮೊದಲೇ ಬಿಸಿನೀರಿಗೆ ಹಾಕಿ ಕಲೆ ಕೂರಿಸಿಬಿಟ್ಟರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದಳು. ಇಸ್ತ್ರಿ ಮಾಡುವ ಹೆಂಗಸರಿಗೆ ಕೂರಲು ಸ್ಟೂಲು ಬಂದದ್ದೂ ಅದೇ ಬಾಯಿಂದ. ಅಲ್ಲಿಯವರೆಗೆ ನಾವೆಲ್ಲ ನಿಂತೂ ನಿಂತೂ ಕಾಲು ಊದಿಸಿಕೊಂಡವರು.

ಆ ಸ್ಟೂಲಿನ ಕಥೆ ಕೇಳಲು ವಿಶ್ವವಿದ್ಯಾಲಯದಿಂದ ಒಬ್ಬರು ಮೇಡಂ ಬಂದರು. ದುಡಿಯುವ ಹೆಂಗಸರ ದಿನನಿತ್ಯದ ಬದುಕೂ ಚರಿತ್ರೆಯೇ, ಅದನ್ನು ಬರೆದಿಡಬೇಕು ಎಂದರು. ನಮ್ಮ ಕೊಳೆಬಟ್ಟೆಯಲ್ಲಿ ಅದೆಂಥ ಚರಿತ್ರೆ ಎಂದು ನಾನು ಮೂಗು ಮುರಿದೆ. ಅಕ್ಕ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು: ಬರೆದುಕೊಂಡ ಮೇಲೆ ರೆಕಾರ್ಡಿಂಗ್ ಅಳಿಸಬೇಕು. ಸೂಪರ್‌ವೈಸರ್ ಕಿವಿಗೆ ಬಿದ್ದರೆ ಕೆಲಸ ಹೋಗುವುದು ಗ್ಯಾರಂಟಿಯಾಗಿತ್ತು. ಮೇಡಂ ಮಾತು ಕೊಟ್ಟರು. ಆಮೇಲೆ ಊಟದ ಬಿಡುವಿನಲ್ಲೆಲ್ಲ, ಬಟ್ಟೆ ಮಡಿಸುವ ಮೇಜಿನ ಮೇಲಿಟ್ಟ ಮೇಡಂ ಫೋನಿನೆದುರು ಅಕ್ಕ ಕೊರೆದದ್ದೇ ಕೊರೆದದ್ದು.

ಕೆಲವು ವರ್ಷ ಕಳೆದು ಅವಳಿಗೆ ಗಂಟಲಿನ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆದು, ಉಸಿರಾಡಲು ಕುತ್ತಿಗೆಯಲ್ಲೊಂದು ತೂತು ಮಾಡಿದರು. ಜೀವವೇನೋ ಉಳಿಯಿತು, ಆದರೆ ಮನೆ ಬಿಕೋ ಎನ್ನುತ್ತಿತ್ತು; ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವಳ ಮಗಳು ಆಗ ತುಂಬು ಬಸುರಿ. ಹುಟ್ಟುವ ಮಗುವಿಗೆ ಅಜ್ಜಿಯ ಧ್ವನಿ ಒಂದು ಸಲವಾದರೂ ಕೇಳಿಸಬೇಕು ಎಂದು ಒಂದೇ ಸಮನೆ ಅತ್ತಳು. ನಮ್ಮ ಫೋನುಗಳಲ್ಲಿ ಅಕ್ಕನ ಫೋಟೋಗಳಿದ್ದವು, ಮಾತಿರಲಿಲ್ಲ. ದಿನವಿಡೀ ಎದುರಿಗೇ ಗದರುವವಳ ಮಾತನ್ನು ಯಾರು ಹಿಡಿದಿಟ್ಟುಕೊಳ್ಳುತ್ತಾರೆ? ಕೊನೆಗೆ ಅಕ್ಕನೇ ಸ್ಲೇಟಿನ ಮೇಲೆ ‘ಮೇಡಂ’ ಎಂದು ಬರೆದು ತೋರಿಸಿದಳು.

ಅಕ್ಕನನ್ನು ನಾನೇ ವಿಶ್ವವಿದ್ಯಾಲಯಕ್ಕೆ ಕರೆದುಕೊಂಡು ಹೋದೆ. ಕುರ್ಚಿಗಳ ಮೇಲೂ ಪುಸ್ತಕ ಪೇರಿಸಿದ್ದ ಕೋಣೆ. ಬಂದ ವಿಷಯ ಕೇಳಿ ಮೇಡಂ ಮುಖ ಬಿಳಿಚಿಕೊಂಡಿತು.

“ಅಳಿಸಿಬಿಟ್ಟೆ ಅಮ್ಮಾ. ನಿಮಗೆ ಮಾತು ಕೊಟ್ಟಿದ್ದೆನಲ್ಲಾ.”

ಜಗಳ ತೆಗೆಯಲು ನನ್ನ ನಾಲಿಗೆ ತುರಿಸುತ್ತಿತ್ತು. ಆದರೆ ಕೊಟ್ಟ ಮಾತು ಉಳಿಸಿಕೊಂಡವರನ್ನು ಏನೆಂದು ಬೈಯುವುದು? ಸಂಕಟಕ್ಕೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಮೇಡಂ ಬರೆದಿಟ್ಟ ಹಾಳೆಗಳನ್ನು ತಂದು, ಅಕ್ಕನ ಪಕ್ಕ ಕೂತು ಓದತೊಡಗಿದರು. ಒಂದು ಮಾತನ್ನೂ ಬಿಟ್ಟಿರಲಿಲ್ಲ. ಹೊಸ ಸ್ಟೂಲಿನ ಮೇಲೆ ಸೂಪರ್‌ವೈಸರ್ ಗತ್ತಿನಿಂದ ಕೂತು, ಅದರ ಕಾಲು ಮುರಿದು ಅಂಗಾತ ಬಿದ್ದ ಪ್ರಸಂಗ ಬಂತು. ಅಕ್ಕನ ತುಟಿಗಳು ಜೊತೆಜೊತೆಗೇ ಅಲುಗುತ್ತಿದ್ದವು. ಮೇಡಂ ತಟ್ಟನೆ ಓದು ನಿಲ್ಲಿಸಿದರು.

“ಇಲ್ಲಿ ‘ಜೋರು ನಗು’ ಅಂತ ಬರ್ಕೊಂಡಿದೀನಿ.”

ಅಕ್ಕ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಆ ಜಾಗದ ಮೇಲೆ ಬೆರಳಿಟ್ಟಳು. ಬಾಯಿ ಅಗಲಿಸಿ ನಕ್ಕಳು. ಕುತ್ತಿಗೆಯ ತೂತಿನಿಂದ ಬರೀ ಗಾಳಿ ಬಂತು.